ತಲೆಬುರುಡೆ ಆಗುತ್ತೆ, ತಾತನ ಬೀಡಿ ಆಗಲ್ಲ!

ಬ್ಲಾಗಿಗೆ ಧೂಳು ಹಿಡಿದು ತಿಂಗಳುಗಳೇ ಆಯ್ತು. ರಿಲೀಸು, ಡೆಡ್‌ಲೈನು, ಊರು, ಮನೆ... ನೆಪಗಳಿಗೇನು ಬರ ಇಲ್ಲ ಬಿಡಿ. ಆದ್ರೆ ಇವತ್ತು ಬರೀದೆ ಮಲಗಿದ್ರೆ ನಿದ್ದೆ ಬರಲ್ಲ ಅನ್ನಿಸ್ತು, ಅದಕ್ಕೇ ಕೂತಿದೀನಿ. ಸ್ವಲ್ಪ ಉದ್ದ ಆಗುತ್ತೆ, ಸ್ವಲ್ಪ ಖಾರಾನೂ ಆಗುತ್ತೆ. ಬೇಜಾರು ಮಾಡ್ಕೋಬೇಡಿ.

ವಿಷಯ ಇಷ್ಟೇ. ನಮ್ಮಕ್ಕನ ಮಗಳಿಗೆ ಎಂಟು ವರ್ಷ. ಪುಟ್ಟಿ ಅಂತ ಇಟ್ಕೊಳ್ಳಿ. ಬೆಂಗಳೂರಿನ ಒಂದು ಸ್ಕೂಲಲ್ಲಿ ಮೂರನೇ ಕ್ಲಾಸು. 2025ರ ದೀಪಾವಳಿಗೆ ಮುಂಚೆ ಸ್ಕೂಲಲ್ಲಿ 'ನನಗೆ ಇಷ್ಟವಾದ ಹಬ್ಬ' ಅಂತ ಚಿತ್ರ ಬರೆಯೋಕೆ ಕೊಟ್ಟಿದ್ರು. ಮಿಕ್ಕ ಮಕ್ಕಳು ಹಣತೆ, ಪಟಾಕಿ, ಅಂಬಾರಿ ಆನೆ ಬರೆದಿದ್ದಾರೆ. ಇವಳು ಬರೆದಿದ್ದು ನಮ್ಮೂರ ಮನೆ. ಗೋಡೆಗೆ ಹಾರ ಹಾಕಿದ ತಾತನ ಫೋಟೋ, ಅದರ ಮುಂದೆ ಬಾಳೆ ಎಲೆ, ಎಲೆ ಮೇಲೆ ಮುದ್ದೆ, ಮಟನ್ ಸಾರು, ವಡೆ, ಕಜ್ಜಾಯ. ಪಕ್ಕದಲ್ಲಿ ಮಡಿಸಿಟ್ಟ ಹೊಸ ಪಂಚೆ, ಒಂದು ಕಟ್ಟು ಬೀಡಿ, ಬೆಂಕಿಪೊಟ್ಟಣ, ಒಂದು ಕ್ವಾರ್ಟರ್ ಬಾಟ್ಲಿ. ಕೆಳಗೆ ಅಂಕುಡೊಂಕಾಗಿ ಕನ್ನಡದಲ್ಲಿ 'ತಾತನ ಹಬ್ಬ' ಅಂತ ಬೇರೆ!

ಡೈರಿಯಲ್ಲಿ ಇಂಗ್ಲಿಷಿನಲ್ಲಿ ಒಂದು ಸಾಲು ಬಂತು. ಮಗುವಿಗೆ ಸೂಕ್ತವಾದ ವಿಷಯ ಆರಿಸಿಕೊಳ್ಳೋಕೆ ಮನೆಯಲ್ಲಿ ಹೇಳಿಕೊಡಿ ಅಂತ. ಅಕ್ಕನಿಗೆ ಅವಮಾನ ಆಗಿಹೋಯ್ತು. ಮಗಳಿಗೆ ನಾಲ್ಕು ಬೈದು, ಪಕ್ಕದಲ್ಲೇ ಕೂತು ಎರಡು ಹಣತೆ, ಒಂದು ರಂಗೋಲಿ ಬರೆಸಿ ಕಳಿಸಿದ್ಲು. ಹಣತೆಗೆ ಸ್ಟಾರ್ ಸಿಕ್ತು.

ಇದಾಗಿ ಎರಡು ವಾರ ಕಳೀಲಿಲ್ಲ, ಅದೇ ಸ್ಕೂಲಿಂದ ಅಕ್ಕನ ವಾಟ್ಸಾಪಿಗೆ ಮೆಸೇಜು. ಅಕ್ಟೋಬರ್ 31ಕ್ಕೆ ಹ್ಯಾಲೋವೀನ್, ಮಕ್ಕಳನ್ನು ದೆವ್ವ, ಅಸ್ಥಿಪಂಜರ, ಮಾಟಗಾತಿ ವೇಷ ಹಾಕಿಸಿ ಕಳಿಸಿ ಅಂತ. ಸಂಜೆ ಅಪಾರ್ಟ್‌ಮೆಂಟಿನಲ್ಲೂ ಅದೇ ಗಲಾಟೆ. ಲಿಫ್ಟಿನ ಪಕ್ಕ ಪ್ಲಾಸ್ಟಿಕ್ ಕುಂಬಳಕಾಯಿ, ಮೇಲಿಂದ ನೇತಾಡೋ ತಲೆಬುರುಡೆ.

ತಲೆಬುರುಡೆ ಸೂಕ್ತ. ತಾತನ ಬೀಡಿ ಅಸೂಕ್ತ. ನನಗೆ ಪಿತ್ತ ನೆತ್ತಿಗೇರಿದ್ದು ಇಲ್ಲಿ.

ಹ್ಯಾಲೋವೀನ್ ವಿರುದ್ಧ ಭಾಷಣ ಬಿಗಿಯೋಕೆ ಬಂದೆ ಅನ್ಕೋಬೇಡಿ. ಮಕ್ಕಳು ವೇಷ ಹಾಕಿದ್ರೆ, ಚಾಕಲೇಟು ತಿಂದ್ರೆ ನನ್ನ ಗಂಟೇನೂ ಹೋಗಲ್ಲ. ಆ ಹಬ್ಬಕ್ಕೂ ಒಂದು ಊರಿದೆ, ಒಂದು ಬೇರಿದೆ. ಐರ್ಲೆಂಡ್ ಕಡೆ ಸುಗ್ಗಿ ಮುಗಿದು ಚಳಿಗಾಲ ಶುರುವಾಗೋ ಹೊತ್ತಿಗೆ ಸಾವಿನ್ ಅಂತ ಹಬ್ಬ ಮಾಡ್ತಿದ್ರು. ಆ ರಾತ್ರಿ ಸತ್ತವರು ಮನೆ ಕಡೆ ಬರ್ತಾರೆ ಅನ್ನೋ ನಂಬಿಕೆ. ಅಲ್ಲಿನ ಜನ ಟರ್ನಿಪ್ ಗೆಡ್ಡೆ ಕೊರೆದು ದೀಪ ಇಡ್ತಿದ್ರು, ಅಮೆರಿಕಕ್ಕೆ ಹೋದ ಮೇಲೆ ಕುಂಬಳಕಾಯಿ ಸಿಕ್ತು. ಅಂದ್ರೆ ಮೂಲದಲ್ಲಿ ಅದೂ ಹಿರಿಯರ ಹಬ್ಬವೇ! ನಮ್ಮ ಅಪಾರ್ಟ್‌ಮೆಂಟಿಗೆ ಬರೋ ಹೊತ್ತಿಗೆ ಹಿರಿಯರು ದಾರಿಯಲ್ಲೇ ಉದುರಿಹೋಗಿ ಬರೀ ಪ್ಲಾಸ್ಟಿಕ್ ಉಳಿದಿದೆ, ಅಷ್ಟೆ.

ನನ್ನ ಜಗಳ ಇರೋದು ನಮ್ಮವರ ಜೊತೆ. ನನ್ನ ಜೊತೆಗೂ.

ನಮ್ಮ ನಂಟಸ್ತನ ಎಲ್ಲ ನಾಲ್ಕು ತಾಲ್ಲೂಕಿನ ಒಳಗೇ. ನಮ್ಮೂರು ನಾಗಮಂಗಲದ ಕಡೆ, ರಾಗಿ ಹುರುಳಿ ಬೆಳೆಯೋ ಒಣಭೂಮಿ. ಅವ್ವನ ತವರು ಕೆ.ಆರ್. ಪೇಟೆ. ಅಕ್ಕನ್ನ ಕೊಟ್ಟಿರೋದು ಪಾಂಡವಪುರದ ನಾಲೆ ಬಯಲಿಗೆ, ಕಬ್ಬು ಭತ್ತದ ಕಡೆ. ಸತ್ತ ಮೇಲೆ ಎಲ್ಲರೂ ಹೋಗೋದು ಶ್ರೀರಂಗಪಟ್ಟಣಕ್ಕೆ. 1948ರಲ್ಲಿ ಗಾಂಧೀಜಿ ಅಸ್ಥಿಯನ್ನೂ ಬಿಟ್ಟ ಅದೇ ಪಶ್ಚಿಮವಾಹಿನಿಗೆ.

ಈ ಕಡೆ ಭಾದ್ರಪದದ ಹುಣ್ಣಿಮೆ ಕಳೆದ್ರೆ ಪಕ್ಷ ಶುರು. ಹದಿನೈದು ದಿನ, ಅಮಾವಾಸ್ಯೆವರೆಗೆ. ಕೆಲವರು ಅಮಾವಾಸ್ಯೆಗೇ ಮಾಡ್ತಾರೆ, ಕೆಲವರು ಮುಂಚೆ ಒಂದು ದಿನ ನೋಡ್ಕೊಂಡು. ಮನೆಮನೆಗೆ ದಿನ ಬೇರೆ ಆದ್ದರಿಂದ ನಂಟರು ಇವತ್ತು ಇವರ ಮನೆ, ನಾಳೆ ಅವರ ಮನೆ ಅಂತ ಓಡಾಡಬಹುದು. ಶರದೃತು ಶುರುವಾಗೋದು ಅಮಾವಾಸ್ಯೆ ಮಾರನೇ ದಿನ, ಆಶ್ವಯುಜದ ಪಾಡ್ಯಕ್ಕೆ. ಸತ್ತವರಿಗೆ ಉಣ್ಣಿಸಿ ಆಮೇಲೆ ಇದ್ದವರು ಋತು ಶುರು ಮಾಡೋದು. ಎಷ್ಟು ಚೆಂದದ ಲೆಕ್ಕ ನೋಡಿ.

ಎಡೆಗೆ ಸತ್ತವರು ಬದುಕಿದ್ದಾಗ ಏನು ಇಷ್ಟಪಡ್ತಿದ್ರೋ ಅದೇ ಇಡಬೇಕು. ನಮ್ಮಜ್ಜಿಗೆ ಎಲೆ ಅಡಿಕೆ, ಕಡ್ಡಿಪುಡಿ. ಸಣ್ಣ ವಯಸ್ಸಲ್ಲೇ ಹೋದ ನಮ್ಮತ್ತೆಗೆ ಬಳೆ, ರವಿಕೆ ಬಟ್ಟೆ. ಅಪ್ಪನಿಗೆ ಬೀಡಿ. ಸಾಂಬ್ರಾಣಿ ಹಾಕಿ, ಎಲ್ಲರೂ ಧೂಪ ತೋರಿಸಿ, ಬಾಗಿಲು ಮುಚ್ಚಿ ಹೊರಗಡೆ ಕೂರ್ತೀವಿ. ಒಳಗೆ ಅವರು ಉಣ್ಣಬೇಕಲ್ಲ. ಒಂದಷ್ಟು ಹೊತ್ತು ಯಾರೂ ಮಾತಾಡಲ್ಲ. ಆಮೇಲೆ ಬಾಗಿಲು ತಟ್ಟಿ ಒಳಗೆ ಹೋಗೋದು, ಒಂದು ಎಡೆ ಕಾಗೆಗೆ ಅಂತ ಮಾಡಿನ ಮೇಲೆ ಇಡೋದು, ಆಮೇಲೆ ನಾವು ಉಣ್ಣೋದು.

ನಮ್ಮಪ್ಪ ಹೋಗಿದ್ದು 2021ರ ಮೇ ತಿಂಗಳಲ್ಲಿ. ಕೊರೊನಾ ಎರಡನೇ ಅಲೆ. ಮಣ್ಣಿಗೆ ಐದೇ ಜನ. ಪುಟ್ಟಿಗಾಗ ನಾಲ್ಕು ವರ್ಷ, ತಾತನ ಮುಖವನ್ನೂ ತೋರಿಸಲಿಲ್ಲ. 'ತಾತ ಆಸ್ಪತ್ರೇಲಿದಾರೆ' ಅಂತ ಆರು ತಿಂಗಳು ಸುಳ್ಳು ಹೇಳಿದ್ವಿ. ಅದೇ ಜೂನ್‌ನಲ್ಲಿ, ಬೆಂಗಳೂರಿನ ಚಿತಾಗಾರಗಳಲ್ಲಿ ಯಾರೂ ಬಂದು ತಗೊಂಡು ಹೋಗದ ನೂರಾರು ಜನರ ಅಸ್ಥಿಯನ್ನ ಸರ್ಕಾರವೇ ತಂದು ನಮ್ಮ ಜಿಲ್ಲೆಯ ಬೆಳಕವಾಡಿ ಹತ್ತಿರ ಕಾವೇರಿಗೆ ಬಿಡ್ತು. ಆ ಸುದ್ದಿ ಓದಿದ ದಿನ ನನಗೆ ಅನ್ನ ಸೇರಲಿಲ್ಲ. ನಮ್ಮಪ್ಪನ್ನ ಕೊನೇಪಕ್ಷ ನಾನೂ ಚಿಕ್ಕಪ್ಪನೂ ಶ್ರೀರಂಗಪಟ್ಟಣಕ್ಕೆ ಒಯ್ದಿದ್ವಿ. ಆ ಮಡಕೆಗಳಿಗೆ ಎಡೆ ಇಡೋರು ಯಾರು?

2025ರ ಸೆಪ್ಟೆಂಬರಿನಲ್ಲಿ ಮೊದಲ ಸಲ ಪುಟ್ಟಿ ಪಕ್ಷಕ್ಕೆ ಊರಿಗೆ ಬಂದಿದ್ಲು. ಅವ್ವ ಅವಳ ಕೈಗೇ ಬೀಡಿ ಕಟ್ಟು ಕೊಟ್ಟು ಇಡು ಅಂದ್ರು. ಅಕ್ಕ 'ಮಗು ಕೈಲಿ ಯಾಕವ್ವ' ಅಂದಿದ್ದಕ್ಕೆ ಅವ್ವ ಹೇಳಿದ್ದು ಇದು: "ಇದ್ದಾಗ್ಲೇ ಬೀಡಿ ಬಿಡ್ಸಕ್ ಆಗ್ನಿಲ್ಲ ನನ್ ಕೈಲಿ, ಈಗ್ ಬಿಡುಸ್ಲಾ? ಇಕ್ಕು ಮಗ." ಬಾಗಿಲು ಮುಚ್ಚಿ ಜಗಲಿ ಮೇಲೆ ಕೂತಾಗ ಪುಟ್ಟಿ ಬಾಗಿಲಿಗೆ ಕಿವಿ ಕೊಟ್ಟು, ಮೆಲ್ಲಗೆ ಬಂದು ನನ್ನ ಕಿವೀಲಿ ಕೇಳಿದ್ಲು: "ಮಾವ, ತಾತ ಕೆಮ್ಮಿದ್ರಾ?"

ನಾಲ್ಕು ವರ್ಷದ ಹಿಂದೆ ನೋಡಿದ ತಾತನ ಕೆಮ್ಮು ಅವಳಿಗೆ ನೆನಪಿತ್ತು. ಆ ಬೀಡಿ ಇಲ್ಲದೆ ಇದ್ದಿದ್ರೆ ನೆನಪಾಗ್ತಿತ್ತಾ? ಅವಳು ಬರೆದ ಚಿತ್ರ ಆ ಮಧ್ಯಾಹ್ನದ್ದು. ಅದಕ್ಕೆ 'ಸೂಕ್ತ ಅಲ್ಲ' ಅಂತ ಷರಾ.

ಈಗ ವಾದಕ್ಕೆ ಬರೋಣ. ಇದನ್ನ ಹೇಳಿದಾಗ ನನಗೆ ಮೂರು ಥರ ಉತ್ತರ ಬಂದಿದೆ.

ಒಂದು, 'ಮಕ್ಕಳ ಮುಂದೆ ಹೆಂಡ, ಬೀಡಿ ಸರೀನಾ?' ಒಪ್ಪೋಣ, ಪ್ರಶ್ನೆ ಸರಿಯಾಗೇ ಇದೆ. ಆದ್ರೆ ಪುಟ್ಟಿಗೆ ಬೀಡಿ ಅಂದ್ರೆ ಏನು ಅಂತ ಚೆನ್ನಾಗಿ ಗೊತ್ತು. ತಾತ ಸೇದ್ತಿದ್ರು, ಕೆಮ್ತಿದ್ರು, ಶ್ವಾಸಕೋಶ ಮೊದಲೇ ಕೆಟ್ಟಿತ್ತು, ಅದಕ್ಕೇ ಕೊರೊನಾ ತಡಕೊಳ್ಳೋಕೆ ಆಗಲಿಲ್ಲ. ಇಷ್ಟನ್ನೂ ಅವಳಿಗೆ ಹೇಳಿದ್ದು ಆ ಎಡೆ ಮುಂದೇನೇ. ಸಿಗರೇಟ್ ಪ್ಯಾಕಿನ ಮೇಲಿನ ಚಿತ್ರಕ್ಕಿಂತ ಇದು ಹೆಚ್ಚು ತಾಗಲ್ವಾ? ನಮ್ಮ ಹಬ್ಬದಲ್ಲಿ ಸತ್ತವರನ್ನ ತೊಳೆದು ದೇವರು ಮಾಡಲ್ಲ, ಅವರು ಹೇಗಿದ್ರೋ ಹಾಗೇ ಕರೀತೀವಿ, ಚಟದ ಸಮೇತ. ಬೈತಾ ಬೈತಾ ಕರೀತೀವಿ. ಇನ್ನು ಮೆಕ್ಸಿಕೋದವರು ಇದೇ ಕೆಲಸ ಮಾಡ್ತಾರೆ. ಸತ್ತವರ ಫೋಟೋ, ಇಷ್ಟದ ಊಟ, ಟಕೀಲಾ ಬಾಟ್ಲಿ. ಅದನ್ನ ಯುನೆಸ್ಕೋ 2008ರಲ್ಲಿ ಪರಂಪರೆಯ ಪಟ್ಟಿಗೆ ಸೇರಿಸ್ತು. 2017ರಲ್ಲಿ 'ಕೋಕೋ' ಅಂತ ಸಿನಿಮಾ ಬಂತು. ನಮ್ಮಕ್ಕನೂ ಭಾವನೂ ಮಗಳ ಜೊತೆ ಕೂತು ಅದನ್ನ ನೋಡಿ ಕಣ್ಣೊರೆಸ್ಕೊಂಡಿದಾರೆ. ಮೆಕ್ಸಿಕೋದ ಎಡೆ ಆದ್ರೆ ಕಣ್ಣೀರು, ಮಂಡ್ಯದ ಎಡೆ ಆದ್ರೆ ಅವಮಾನ. ಇದೆಂಥಾ ನ್ಯಾಯ ಸ್ವಾಮಿ?

ಎರಡನೇ ಉತ್ತರ ಇನ್ನೊಂದು ಕಡೆಯಿಂದ. ಹ್ಯಾಲೋವೀನ್ ಕಂಡ್ರೆ ಉರಿದುಬೀಳೋ ಸಂಸ್ಕೃತಿ ರಕ್ಷಕರದ್ದು. 'ಪಿತೃಪಕ್ಷದಲ್ಲಿ ಮಾಂಸ ಮುಟ್ಟಬಾರದು, ಇದೆಲ್ಲ ನಮ್ಮ ಸಂಸ್ಕೃತಿ ಅಲ್ಲ' ಅಂತ ಫಾರ್ವರ್ಡ್ ಮೆಸೇಜು. ಯಾರ ಸಂಸ್ಕೃತಿ ಅಲ್ಲ? ಗೋಸಾಯಿ ಘಾಟಿನಲ್ಲಿ ಎಳ್ಳು ನೀರು ಬಿಟ್ಟು ಪಿಂಡ ಇಡೋರ ಬಗ್ಗೆ ನನಗೆ ಗೌರವ ಇದೆ. ಅವರ ಮನೆಯ ಪದ್ಧತಿ ಅವರಿಗೆ. ಆದ್ರೆ ನಾಗಮಂಗಲ, ಕೆ.ಆರ್. ಪೇಟೆ ಹಳ್ಳಿಗಳಲ್ಲಿ ಬಾಡಿನ ಎಡೆ ಇಟ್ಟು ತಲೆಮಾರುಗಳೇ ಕಳೆದಿವೆ. ಒಂದೇ ಜಿಲ್ಲೆ ಒಳಗೇ ಎಷ್ಟು ಥರ ಇದೆ ನೋಡಿ. ಪಾಂಡವಪುರ ತಾಲ್ಲೂಕಿನ ಮೇಲುಕೋಟೆಯಲ್ಲಿ ಮಂಡಯಂ ಅಯ್ಯಂಗಾರ್ ಮನೆತನಗಳು ನರಕ ಚತುರ್ದಶಿ ದಿನ ಹಬ್ಬ ಮಾಡಲ್ಲ. ಟಿಪ್ಪು ಕಾಲದಲ್ಲಿ ತಮ್ಮವರ ಕೊಲೆ ಆಯ್ತು ಅನ್ನೋ ನೆನಪಿಗೆ. ಅದರ ಇತಿಹಾಸದ ಬಗ್ಗೆ ಬಲ್ಲವರು ವಾದ ಮಾಡ್ಲಿ. ನಾನು ಹೇಳೋದು, ಮನೆಮನೆಗೂ ಒಂದೊಂದು ಪಂಚಾಂಗ ಇದೆ, ಸತ್ತವರನ್ನ ನೆನೆಯೋಕೆ ಒಂದೊಂದು ದಾರಿ ಇದೆ. ಸಸ್ಯಾಹಾರದ ಹಬ್ಬ ಮಾತ್ರ ಹಬ್ಬ ಅಂತ ಮಕ್ಕಳಿಗೆ ಹೇಳಿಕೊಟ್ರೆ ಅರ್ಧ ಊರಿನ ಮಕ್ಕಳು ತಮ್ಮ ಮನೆಯ ಅಡುಗೆಮನೆ ಬಗ್ಗೆ ನಾಚ್ಕೋಬೇಕಾಗುತ್ತೆ. 2024ರಲ್ಲಿ ಅಮಾವಾಸ್ಯೆ ಅಕ್ಟೋಬರ್ 2ಕ್ಕೇ ಬಿತ್ತು. ಗಾಂಧಿ ಜಯಂತಿ, ಬೆಂಗಳೂರಲ್ಲಿ ಮಾಂಸ ಮಾರೋ ಹಾಗಿಲ್ಲ. ನಮ್ಮ ಭಾವ ಹಿಂದಿನ ದಿನವೇ ತಂದು ಫ್ರಿಜ್ಜಲ್ಲಿ ಇಟ್ಟಿದ್ರು, ಏನೋ ಕಳ್ಳಮಾಲು ಇಟ್ಟವರ ಥರ :-)

ಮೂರನೇ ಉತ್ತರ ನನ್ನಂಥ ಇಂಜಿನಿಯರುಗಳದ್ದು. 'ಸತ್ತವರು ಬಂದು ತಿಂತಾರಾ ಮಾರಾಯಾ? ಮೂಢನಂಬಿಕೆ.' ತಿನ್ನಲ್ಲ ಅಂತ ನನಗೂ ಗೊತ್ತು. ಬಾಗಿಲು ತೆಗೆದಾಗ ಮುದ್ದೆ ಹಾಗೇ ಇರುತ್ತೆ. ಆದ್ರೆ ವರ್ಷಕ್ಕೆ ಒಂದು ಸಲ ಮನೆಮಂದಿ ಎಲ್ಲ ಮೊಬೈಲ್ ಬಿಟ್ಟು ಹತ್ತು ನಿಮಿಷ ಒಬ್ಬ ಮನುಷ್ಯನ್ನ ನೆನೆಸ್ಕೊಂಡು ಸುಮ್ಮನೆ ಕೂರೋಕೆ ಇದಕ್ಕಿಂತ ಒಳ್ಳೆ ಉಪಾಯ ನಿಮ್ಮ ಹತ್ರ ಇದ್ರೆ ಹೇಳಿ, ಕಲೀತೀನಿ.

ಇಲ್ಲೊಂದು ತಮಾಷೆ ಹೇಳಬೇಕು. ನಮ್ಮ ಟೀಮಲ್ಲಿ ಇಂಗ್ಲೆಂಡಿನ ಒಬ್ಬರು ಇದಾರೆ. ಒಂದು ದಿನ ಕಾಲ್ ಶುರುವಾಗೋ ಮುಂಚೆ ಹರಟೆ. ತಮ್ಮದು ಪೇಗನ್ ಮನೆ ಅಂದ್ರು. ಶರತ್ಕಾಲ ಬಂದ್ರೆ ಮಕ್ಕಳ ಜೊತೆ ಕಾಡಿಗೆ ಹೋಗಿ ಎಲೆ, ಕಾಯಿ ಆರಿಸ್ಕೊಂಡು ಬಂದು, ಸತ್ತ ಅಜ್ಜ ಅಜ್ಜಿ ಫೋಟೋ ಮುಂದೆ ಇಟ್ಟು, ಊಟದ ಮೇಜಿನ ಮೇಲೆ ಅವರಿಗೂ ಒಂದು ತಟ್ಟೆ ಹಾಕ್ತಾರಂತೆ. ಇದನ್ನೆಲ್ಲ ಪುಸ್ತಕ ಓದಿ ಕಲಿತಿದ್ದಂತೆ, ಅವರ ಅಜ್ಜಿಗೆ ಏನೂ ಗೊತ್ತಿರಲಿಲ್ಲವಂತೆ. 2021ರ ಜನಗಣತಿಯಲ್ಲಿ ಇಂಗ್ಲೆಂಡ್ ಮತ್ತು ವೇಲ್ಸ್ ಸೇರಿ ಸುಮಾರು 74 ಸಾವಿರ ಜನ ತಮ್ಮ ಧರ್ಮ ಪೇಗನ್ ಅಂತ ಬರೆಸಿದಾರೆ. ಅವರು ಶರತ್ಕಾಲದಲ್ಲಿ ಹಗಲು ರಾತ್ರಿ ಸಮ ಆಗೋ ದಿನ ಮಾಡೋ ಹಬ್ಬಕ್ಕೆ 'ಮೇಬನ್' ಅಂತ ಹೆಸರು. ಆ ಹೆಸರು ಇಟ್ಟಿದ್ದು ಏಡನ್ ಕೆಲ್ಲಿ ಅನ್ನೋ ಅಮೆರಿಕನ್, ಅದೂ 1970ರ ದಶಕದಲ್ಲಿ. ಹೆಸರಿಗೆ ನಮ್ಮಕ್ಕನಿಗಿಂತ ಒಂದು ಹದಿನೈದು ವರ್ಷ ಹೆಚ್ಚು ವಯಸ್ಸು, ಅಷ್ಟೇ!

ಅವರನ್ನ ಗೇಲಿ ಮಾಡ್ತಿಲ್ಲ. ಕಳಕೊಂಡವರು ಹುಡುಕ್ತಾರೆ, ಅದು ಸಹಜ. ಆದ್ರೆ 'ನಿಮ್ಮನೇಲಿ ಹೇಗೆ?' ಅಂತ ಅವರು ಕೇಳಿದಾಗ ನಾನು ಏನಂದೆ ಗೊತ್ತಾ? 'ನಾವು ದಿವಾಳಿ ಮಾಡ್ತೀವಿ, ಲೈಟ್ಸ್' ಅಂದೆ. ಎಡೆ ವಿಷಯ ಬಾಯಿಗೆ ಬರಲೇ ಇಲ್ಲ. ಪೇಗನ್ ಅನ್ನೋ ಪದ ಲ್ಯಾಟಿನ್ನಿನ 'ಪಗಾನಸ್' ಇಂದ ಬಂದಿದ್ದಂತೆ, ಮೂಲದಲ್ಲಿ ಹಳ್ಳಿಯವನು ಅಂತ ಅರ್ಥ. ಹಾಗೆ ನೋಡಿದ್ರೆ ನಾಗಮಂಗಲದ ರಾಗಿ ಹೊಲದಲ್ಲಿ ಹುಟ್ಟಿದ ನನಗಿಂತ ಪೇಗನ್ ಇನ್ಯಾರು? ಆ ಹಳ್ಳಿಯವನಿಗೇ ನಾಚಿಕೆ ಆಗಿದ್ದು. ಅಕ್ಕ ಮಗಳ ಚಿತ್ರ ಮುಚ್ಚಿಟ್ಟಿದ್ದಕ್ಕೂ ನಾನು ಬಾಯಿ ಮುಚ್ಕೊಂಡಿದ್ದಕ್ಕೂ ಏನು ವ್ಯತ್ಯಾಸ?

ಮಕ್ಕಳಿಗೆ ಮಜಾ ಬೇಕಲ್ಲ ಅಂತೀರಾ? ಮನೆಮನೆ ಬಾಗಿಲು ತಟ್ಟಿ ತಿಂಡಿ ಕೇಳೋದು ಅಮೆರಿಕದವರು ಕಂಡುಹಿಡಿದಿದ್ದಾ? ಹಿಂದೆ ಕೂಲಿಮಠದ ಅಯ್ಯನವರು ನವರಾತ್ರಿಯಲ್ಲಿ ಮಕ್ಕಳನ್ನ ಕಟ್ಕೊಂಡು ಮನೆಮನೆಗೆ ಹೋಗಿ ಮಾನೌಮಿ ಚೌಪದ ಹಾಡಿಸ್ತಿದ್ರು. ಅಯ್ಯನವರಿಗೆ ಕಾಸು, ಮಕ್ಕಳಿಗೆ ತಿಂಡಿ. ಮೈಸೂರು, ಶ್ರೀರಂಗಪಟ್ಟಣದ ಕಡೆ ಮೊನ್ನೆಮೊನ್ನೆವರೆಗೂ ಮಕ್ಕಳು ಸಂಜೆ ಹೊತ್ತು ಗುಂಪು ಕಟ್ಕೊಂಡು 'ಗೊಂಬೆ ಕೂರ್ಸಿದ್ದೀರಾ?' ಅಂತ ಬಾಗಿಲು ಬಾಗಿಲಿಗೆ ಹೋಗ್ತಿದ್ರು. ಪಟ್ಟದ ಗೊಂಬೆ ನೋಡಿ, ಒಂದು ಹಾಡು ಹೇಳಿ, ಗೊಂಬೆ ಬಾಗಿನ ಅಂತ ಚಡ್ಡಿ ಜೇಬು ತುಂಬ ತಿಂಡಿ ತುಂಬ್ಕೊಂಡು ಬರೋದು. ಈ ಸಲ ಅಪಾರ್ಟ್‌ಮೆಂಟಿನ ಒಂದೇ ಒಂದು ಮನೆಯಲ್ಲಿ ಗೊಂಬೆ ಕೂರಿಸಿದ್ರು. ಮಕ್ಕಳನ್ನ ಕಳಿಸಿದ್ದು ಎರಡೇ ಮನೆಯವರು.

ಈಗ ಮಕ್ಕಳಿಗೆ ಹಬ್ಬ ಅಂದ್ರೆ ನೋಡೋದು. 1610ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣದಲ್ಲಿ ದಸರಾ ಶುರು ಮಾಡಿದ್ರು. ಈಗ ಅಲ್ಲೂ ಕಿರಂಗೂರಿನ ಬನ್ನಿಮಂಟಪದಿಂದ ಆನೆ ಮೆರವಣಿಗೆ ಮಾಡ್ತಾರೆ. ಕರ್ಕೊಂಡು ಹೋಗಿ, ತೋರಿಸಿ, ಚೆನ್ನಾಗಿರುತ್ತೆ. ಆದ್ರೆ ಬೀದಿಯ ಹಬ್ಬ ಒಂದೇ ಹಬ್ಬ ಅಂತ ಆದ್ರೆ ಕಷ್ಟ. 2024ರ ಸೆಪ್ಟೆಂಬರ್ 11ರ ರಾತ್ರಿ ನಮ್ಮ ನಾಗಮಂಗಲದಲ್ಲಿ ಗಣಪತಿ ಮೆರವಣಿಗೆ ವೇಳೆ ಗಲಭೆ ಆಗಿ ಅಂಗಡಿಗಳು ಸುಟ್ಟುಹೋದವು. ಟೀವಿಯಲ್ಲಿ ನಮ್ಮೂರ ಹೆಸರು ಬಂದಿದ್ದೇ ಹಾಗೆ. ಅದಾಗಿ ಒಂದು ವಾರಕ್ಕೇ ಪಕ್ಷ ಶುರುವಾಯ್ತು. ಅದೇ ತಾಲ್ಲೂಕಿನ ಮನೆಗಳಲ್ಲಿ ಬಾಗಿಲು ಮುಚ್ಚಿ ಜನ ಜಗಲಿ ಮೇಲೆ ಸುಮ್ಮನೆ ಕೂತಿದ್ರು. ಅದನ್ನ ಯಾವ ಟೀವಿ ತೋರಿಸುತ್ತೆ? ಮಕ್ಕಳಿಗೆ ನಾವೇ ತೋರಿಸಬೇಕು.

ಹಾಗಂತ ಊರಲ್ಲಿ ಎಲ್ಲ ಸರಿಯಾಗಿದೆ ಅಂತ ಹೇಳಿದ್ರೆ ನಾನು ಸುಳ್ಳ. ಹೆಂಗಸರು ಹಿಂದಿನ ದಿನದಿಂದ ಒಲೆ ಮುಂದೆ ಬೇಯ್ತಾರೆ, ಗಂಡಸರು ಇಸ್ಪೀಟು. ಅಪ್ಪನ ಎಡೆಗಿಟ್ಟ ಕ್ವಾರ್ಟರ್ ನೆಪ, ಹಿತ್ತಲಲ್ಲಿ ಖಾಲಿಯಾಗೋದು ಕೇಸುಗಟ್ಟಲೆ. ಮಕ್ಕಳನ್ನ ಒಂದು ರೂಮಲ್ಲಿ ಮೊಬೈಲ್ ಕೊಟ್ಟು ಕೂರಿಸ್ತಾರೆ. ಮಕ್ಕಳನ್ನ ಒಳಗೆ ಬಿಡಿ ಅಂತ ನಾನು ಹೇಳೋದು ಇದಕ್ಕೂ ಸೇರಿಸಿಯೇ. ಎಲೆ ತೊಳೆಯೋ ಕೆಲಸ ಗಂಡುಹುಡುಗನಿಗೂ ಕೊಡಿ, ವಡೆ ತಟ್ಟೋಕೆ ಗಂಡಸರೂ ಕೂರಿ. ಮಗು ಕಣ್ಣು ಬಿಟ್ಕೊಂಡು ನೋಡ್ತಿದ್ರೆ ಹಿತ್ತಲಿನ ಕೇಸೂ ಸ್ವಲ್ಪ ಕಮ್ಮಿ ಆಗುತ್ತೆ.

ನಾನು ಮಾಡೋದು ಇಷ್ಟು. ಮುಂದಿನ ಪಕ್ಷಕ್ಕೆ ರಜಾ ಅರ್ಜಿಯಲ್ಲಿ 'ಫ್ಯಾಮಿಲಿ ಫಂಕ್ಷನ್' ಅಂತ ಬರೆಯಲ್ಲ, 'ಹಿರಿಯರ ಹಬ್ಬ' ಅಂತಾನೇ ಬರೀತೀನಿ. ಮ್ಯಾನೇಜರ್ ಏನಂತ ಕೇಳಿದ್ರೆ ಹೇಳ್ತೀನಿ. ಪುಟ್ಟಿಗೆ ಮೂರು ತಲೆಮಾರಿನ ಹೆಸರು, ಅವರ ಇಷ್ಟ, ಅವರ ಚಟ ಎಲ್ಲ ಹೇಳಿಕೊಡ್ತೀನಿ. ಆಯುಧ ಪೂಜೆಗೆ ಅವಳ ಸೈಕಲ್ ಅವಳೇ ತೊಳೀಬೇಕು. ದೀಪಾವಳಿಗೆ ಊರಿಗೆ ಕರ್ಕೊಂಡು ಹೋಗಿ, ಹುಚ್ಚೆಳ್ಳು ಹೂ ಬಿಟ್ಟಿರೋ ಹೊಲ ತೋರಿಸಿ, ತಿಪ್ಪೆ ಮೇಲೆ ಹಣತೆ ಇಡಿಸ್ತೀನಿ. ತಿಪ್ಪೆಗೂ ಯಾಕೆ ದೀಪ ಅಂತ ಕೇಳ್ತಾಳೆ. ರಾಗಿ ಎಲ್ಲಿಂದ ಬರುತ್ತೆ ಅಂತ ಆಗ ಹೇಳಬಹುದು. ಅಕ್ಟೋಬರ್ 31ಕ್ಕೆ ಅಸ್ಥಿಪಂಜರದ ವೇಷ ಹಾಕ್ತೀನಿ ಅಂದ್ರೆ ಅದೂ ಹಾಕ್ಲಿ, ಬೇಡ ಅನ್ನಲ್ಲ.

ಮೊನ್ನೆ ಅಕ್ಕನ ಮನೆಗೆ ಹೋಗಿದ್ದಾಗ ಆ ವಾಪಸ್ ಬಂದ ಚಿತ್ರ ಎಲ್ಲಿ ಅಂತ ಕೇಳಿದೆ. ಅಕ್ಕ ಮಾತಾಡಲಿಲ್ಲ. ಬೀರು ಬಾಗಿಲು ತೆಗೆದು, ಸೀರೆಗಳ ಕೆಳಗಿಂದ ತೆಗೆದುಕೊಟ್ಲು. ಹರಿದು ಹಾಕಿರಲಿಲ್ಲ. ಈಗ ಅದು ನನ್ನ ರೂಮಿನ ಗೋಡೆ ಮೇಲಿದೆ. ಬೀಡಿ ಕಟ್ಟಿಗೆ ಪುಟ್ಟಿ ಗುಲಾಬಿ ಬಣ್ಣ ಬಳಿದಿದಾಳೆ. ಅಪ್ಪ ನೋಡಿದ್ರೆ ನಗ್ತಾ ನಗ್ತಾ ಕೆಮ್ತಿದ್ರು.

ನಿಮ್ಮ ಮನೇಲಿ ಎಡೆಗೆ ಏನೇನು ಇಡ್ತೀರಿ? ಮಕ್ಕಳಿಗೆ ತೋರಿಸ್ತೀರಾ, ಇಲ್ಲ ಸೀರೆ ಕೆಳಗೆ ಮುಚ್ಚಿಡ್ತೀರಾ? ಬೈಯೋರು ಬೈರಿ, ಪರವಾಗಿಲ್ಲ. ನಿಜ ಹೇಳಿ ಬೈರಿ.